ಯಾರೂ ನೋಡಬಾರದ ಡಬ್ಬಿ

ಗಾವಡಗೆರೆಯ ಉಮಾಶಂಕರನಿಗೆ ಸರಗೂರಿನ ಹುಡುಗಿ ಮೀನಾ ಒಪ್ಪಿಗೆಯಾದಳು. ಹುಡುಗಿಗೂ ಅವನು ಒಪ್ಪಿಗೆಯಾದ ಹಾಗೆ ಕಂಡಿತು. ಹೆಣ್ಣು ನೋಡುವ ದಿನ ಹಿರಿಯರೆಲ್ಲ ಉಪ್ಪಿಟ್ಟಿನ ಮೇಲೆ ಗಮನವಿಟ್ಟಿದ್ದಾಗ ಅವಳು ಮೆಲ್ಲಗೆ, "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ರೆ ಏನ್ ಮಾಡ್ತೀರಿ?" ಎಂದು ಕೇಳಿದಳು. ಉಮಾಶಂಕರ ಸ್ವಲ್ಪ ಯೋಚಿಸಿ, "ಕೂರ್ತೀನಿ. ಯಾರಾದ್ರೂ ಕೇಳಿದ್ರೆ ಬುಟ್ಟು ಎದ್ದೇಳ್ತೀನಿ" ಎಂದ. ಅವಳು ಸೆರಗಿನೊಳಗೆ ನಕ್ಕಳು. ಆ ನಗು ನೋಡಿದ ಮೇಲೆ ಉಮಾಶಂಕರನಿಗೆ ಈ ಭೂಮಿಯ ಮೇಲೆ ಸರಗೂರು ಬಿಟ್ಟು ಬೇರೆ ಊರಿರುವುದೇ ಮರೆತುಹೋಯಿತು.

ಇನ್ನು ಉಳಿದಿದ್ದು ಒಂದೇ, ವಿಚಾರಿಸುವುದು. ಇದು ನಮ್ಮ ಕಡೆ ತಾಳಿ ಕಟ್ಟುವುದಕ್ಕಿಂತ ದೊಡ್ಡ ಶಾಸ್ತ್ರ. ಹೆಣ್ಣಿನ ಕಡೆಯಿಂದ ಒಬ್ಬ ಹಿರಿಯ, ಸಾಮಾನ್ಯವಾಗಿ ಸೋದರಮಾವ, ಕೈಚೀಲ ಹಿಡಿದು ಗಂಡಿನ ಊರಿನ ಕಡೆ ಹೊರಡುತ್ತಾನೆ. ಹೆಣ್ಣು ನೋಡುವ ದಿನ ಅವನು ಗಂಡಿನವರ ಕಣ್ಣಿಗೆ ಬಿದ್ದಿರುವುದಿಲ್ಲ. ತಾನು ಯಾರೆಂದು ಹೇಳುವುದಿಲ್ಲ, ಯಾವತ್ತು ಬರುತ್ತೇನೆಂದೂ ಹೇಳುವುದಿಲ್ಲ. ಟೀ ಅಂಗಡಿಯಲ್ಲಿ ಕೂರುತ್ತಾನೆ, ಬೇಕಿರಲಿ ಬೇಡದಿರಲಿ ಗಡ್ಡ ಬೋಳಿಸಿಕೊಳ್ಳುತ್ತಾನೆ, ಮಳೆ ಬೆಳೆಯ ಮಾತಿನ ನಡುವೆ "ಇಂಥವರ ಮಗ ಹೆಂಗೆ?" ಎಂದು ಒಂದು ಮಾತು ಬಿಡುತ್ತಾನೆ. ಅವನು ವಾಪಸ್ಸು ಹೋಗಿ ತಲೆ ಹೇಗೆ ಆಡಿಸುತ್ತಾನೋ ಹಾಗೆ ಮದುವೆ.

ಉಮಾಶಂಕರನ ಎರಡು ಸಂಬಂಧಗಳು ಈ ಶಾಸ್ತ್ರದಲ್ಲೇ ಮುರಿದಿದ್ದವು. ಅವನಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ತೆಂಗಿನ ತೋಟವಿತ್ತು, ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಿದ್ದ, ದಿನಾ ಬೆಳಗ್ಗೆ ಹುಣಸೂರು ಬಸ್ ಸ್ಟ್ಯಾಂಡಿನ ಹೋಟೆಲುಗಳಿಗೆ ಬಾಳೆಎಲೆ ತಂದು ಹಾಕುತ್ತಿದ್ದ. ಆದರೆ ಮೊದಲ ಸಲ ವಿಚಾರಿಸಲು ಬಂದವರಿಗೆ ಯಾರೋ ಪುಣ್ಯಾತ್ಮರು "ಒಳ್ಳೇ ಹುಡ್ಗ, ಒಂಚೂರು ಮಂಕು" ಎಂದಿದ್ದರು. ಎರಡನೆಯ ಸಲ ಬಂದವರು ನೋಡುತ್ತಿರುವಾಗಲೇ ಉಮಾಶಂಕರ ಬೇರೆ ಯಾರದೋ ಸೈಕಲ್ಲನ್ನು ತನ್ನದೆಂದು ತಿಳಿದು, ಬೀಗದ ಕೈ ಕಳೆದುಹೋಯಿತೆಂದು ಬೇಸರಪಟ್ಟು, ಕಲ್ಲಿನಿಂದ ಬೀಗ ಒಡೆಯುತ್ತಿದ್ದ.

ಹೀಗಾಗಿ ಈ ಸಲ ಅವನ ತಾಯಿ ಮಲ್ಲಾಜಮ್ಮ ಮುಂಚಿತವಾಗಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಣಸೂರಿಗೆ ಬಂದು ಬಸ್ ಸ್ಟ್ಯಾಂಡಿನ ಅಂಗಡಿ ಅಂಗಡಿ ಹತ್ತಿ ಇಳಿದಳು.

"ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತ ದೊಡ್ಡೋರು ಯೋಳವ್ರೆ. ನಾನೇನು ಸಾವ್ರ ಕೇಳ್ತಾ ಇಲ್ಲ ಕಣ್ರಪ್ಪ, ಮೂರೇ ಮೂರು ಮಾತು. ಬೀಡಿ ಸೇದಲ್ಲ, ಬ್ರಾಂದಿ ಮುಟ್ಟಲ್ಲ, ಹೊತ್ತು ಮುಳುಗೋಕ್ ಮುಂಚೆ ಮನೆ ಸೇರ್ತಾನೆ. ಯಾರಾದ್ರೂ ಬಂದು ಕೇಳಿದ್ರೆ ಇಷ್ಟು ಯೋಳ್ಬುಡಿ."

ತಮಾಷೆಯೆಂದರೆ ಈ ಮೂರೂ ನಿಜವೇ ಆಗಿದ್ದವು. ಆದರೆ ಬಾಯಿಪಾಠ ಮಾಡಿಸಿದ ನಿಜ ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸುತ್ತದೆ ಎಂಬುದು ಮಲ್ಲಾಜಮ್ಮನಿಗೆ ಹೊಳೆಯಲಿಲ್ಲ. ಮಾರನೆಯ ದಿನದಿಂದಲೇ ಬಸ್ ಸ್ಟ್ಯಾಂಡಿಗೆ ಬಂದ ಪರವೂರಿನವರೆಲ್ಲ ಕಷ್ಟಕ್ಕೆ ಸಿಕ್ಕಿಕೊಂಡರು. ಗೊಬ್ಬರದ ಕಂಪನಿಯ ಪ್ರತಿನಿಧಿಯೊಬ್ಬ ಚೆಲುವರಾಜುವಿನ ಅಂಗಡಿಯಲ್ಲಿ ಟೀ ಕೇಳಿದರೆ ಟೀ ಜೊತೆಗೆ "ಹುಡ್ಗ ಬೀಡಿ ಸೇದಲ್ಲ ಸಾರ್" ಎಂಬ ಮಾತೂ ಬಂತು. ಯಾವ ಹುಡುಗ ಎಂದು ಅವನು ಕೇಳುವ ಮೊದಲೇ "ಬ್ರಾಂದೀನೂ ಮುಟ್ಟಲ್ಲ" ಎಂದು ಹೂ ಮಾರುವ ಸುಂದ್ರಮ್ಮ ಪಕ್ಕದಿಂದ ಸೇರಿಸಿದಳು. ಆತ ಟೀ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಮಗನಿಗೆ ಮಲ್ಲಾಜಮ್ಮ ಒಂದೇ ಒಂದು ಕೆಲಸ ಒಪ್ಪಿಸಿದಳು. "ನೀನು ಏನೂ ಮಾಡ್ಬ್ಯಾಡ ಕಣಪ್ಪ. ಅವ್ರು ಬಂದು ಹೋಗೋಗಂಟ ಸುಮ್ಕಿರು. ಅಷ್ಟು ಮಾಡಿದ್ರೆ ನಿನ್ ಕಾಲ್ಗೆ ಅಡ್ಡ ಬೀಳ್ತೀನಿ."

ಸುಮ್ಮನಿರುವುದೊಂದನ್ನು ಬಿಟ್ಟು ಉಮಾಶಂಕರ ಏನನ್ನು ಬೇಕಾದರೂ ಮಾಡಬಲ್ಲವನಾಗಿದ್ದ.

ಅದೇ ವಾರ ಅವನು ನೆಂಟರ ಮನೆಗೆಂದು ವೀರನಹೊಸಹಳ್ಳಿಗೆ ಹೋಗಿದ್ದಾಗ ಕಾಡಿನ ಕಡೆಯಿಂದ ಬಂದ ಜೀಪೊಂದು ಕೆಸರಿನಲ್ಲಿ ಹೂತಿತ್ತು. ಒಳಗೆ ಒಬ್ಬ ಬಿಳಿಯ. ಉಮಾಶಂಕರ ನೆಂಟರ ಎತ್ತು ತಂದು ಜೀಪು ಎಳೆಸಿದ. ಬಿಳಿಯ ಸಂತೋಷಪಟ್ಟು ಕೈ ಕುಲುಕಿ, ಜೇಬಿನಿಂದ ಅಂಗೈಯಗಲದ ಯಂತ್ರವೊಂದನ್ನು ತೆಗೆದು ಏನೇನೋ ಹೇಳಿದ. ಜೀಪಿನ ಡ್ರೈವರು ಅದನ್ನು ಕನ್ನಡಕ್ಕೆ ತಂದ.

ಇದು ಲೋಕವೆಲ್ಲ ಆಡುವ ಒಂದು ಆಟವಂತೆ. ಜನ ಓಡಾಡುವ ಜಾಗದಲ್ಲಿ ಯಾರೋ ಒಂದು ಸಣ್ಣ ಡಬ್ಬಿ ಅಡಗಿಸಿಟ್ಟಿರುತ್ತಾರೆ. ಆಕಾಶದಲ್ಲಿರುವ ಉಪಗ್ರಹವನ್ನು ಕೇಳಿಕೊಂಡು ಈ ಯಂತ್ರ ಆ ಜಾಗದ ಕಡೆಗೆ ಬಾಣ ತೋರಿಸುತ್ತದೆ. ಹುಡುಕುವವನು ಯಾರಿಗೂ ಗೊತ್ತಾಗದ ಹಾಗೆ ಹುಡುಕಬೇಕು, ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು, ಆಮೇಲೆ ಇದ್ದಲ್ಲೇ ಇಟ್ಟು ಬರಬೇಕು.

"ಡಬ್ಬೀಲಿ ಏನಿರ್ತದೆ?" ಎಂದು ಉಮಾಶಂಕರ ಕೇಳಿದ.

"ಚೀಟಿ."

"ಚೀಟಿ ಬುಟ್ರೆ?"

"ಏನಿಲ್ಲ. ಇವ್ರಿಗೆ ಕಾಸ್ ಜಾಸ್ತಿ ಕಣಣ್ಣ, ಬುದ್ಧಿ ಕಮ್ಮಿ" ಎಂದು ಡ್ರೈವರು ತನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದ.

ಅಂಥ ಒಂದು ಡಬ್ಬಿ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿತ್ತು, ಇನ್ನೊಂದು ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿನ ಹತ್ತಿರ. ಬಿಳಿಯ ಹುಣಸೂರಿನಲ್ಲಿ ಪ್ರಯತ್ನ ಮಾಡಿದ್ದ. ಆದರೆ ಅವನು ಬಗ್ಗಿದರೆ ಅವನ ಜೊತೆ ಬಸ್ ಸ್ಟ್ಯಾಂಡೇ ಬಗ್ಗುತ್ತಿತ್ತು, ಅವನು ಎದ್ದರೆ ಎಲ್ಲರೂ ಎದ್ದು "ಏನ್ ಬಿತ್ತು ಸಾರ್?" ಎನ್ನುತ್ತಿದ್ದರು. ಕೊನೆಗೆ ಕೈಚೆಲ್ಲಿದ್ದ. ಆ ಹಳೆಯ ಯಂತ್ರವನ್ನು ಅವನು ಉಮಾಶಂಕರನ ಕೈಗಿಟ್ಟು, "ನಿನ್ನನ್ನು ಯಾರೂ ನೋಡುವುದಿಲ್ಲ, ನೀನು ಹುಡುಕು" ಎಂದ. ಲೋಕದ ಆಟವೊಂದಕ್ಕೆ ಹುಣಸೂರು ತಾಲ್ಲೂಕಿನ ಪರವಾಗಿ ತಾನೊಬ್ಬನೇ ಆಯ್ಕೆಯಾದೆನೆಂದು ಉಮಾಶಂಕರ ಎದೆಯುಬ್ಬಿಸಿಕೊಂಡು ಊರಿಗೆ ಬಂದ.

ಮಾರನೆಯ ಬೆಳಗ್ಗೆ ಎಲೆ ಹಾಕಿದ ಮೇಲೆ ಅವನು ಒಂದು ಕಂತೆ ಬಾಳೆಎಲೆಯನ್ನು ಉಳಿಸಿಕೊಂಡು ಅದರೊಳಗೆ ಯಂತ್ರ ಇಟ್ಟು ನೋಡಿದ. ಬಾಣ ಎಚ್.ಡಿ. ಕೋಟೆ ಬಸ್ಸು ನಿಲ್ಲುವ ಕಡೆಯ ಕಲ್ಲುಬೆಂಚನ್ನು ತೋರಿಸಿತು. ಆದರೆ ಯಂತ್ರದ ಮಾತೂ ಜ್ಯೋತಿಷಿಯ ಮಾತಿನಂತೆ, ನಾಲ್ಕು ಮಾರು ಆಚೆ ಈಚೆ. ಅಷ್ಟರೊಳಗೆ ಬೆಂಚಿತ್ತು, ಕಬ್ಬಿಣದ ಕಂಬಗಳಿದ್ದವು, ನೀರಿನ ನಲ್ಲಿಯಿತ್ತು, ಸುಂದ್ರಮ್ಮನ ಹೂವಿನ ಬುಟ್ಟಿಯಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಜನರಿದ್ದರು.

ಉಮಾಶಂಕರ ಗುಟ್ಟಾಗಿ ಹುಡುಕತೊಡಗಿದ. ಚಪ್ಪಲಿಯ ಉಂಗುಷ್ಠ ಸರಿಮಾಡುವವನಂತೆ ಬಗ್ಗಿ ಬೆಂಚಿನ ಕೆಳಗೆ ನೋಡಿದ. ಎಷ್ಟು ಸಲ ಸರಿಮಾಡಿದನೆಂದರೆ ಉಂಗುಷ್ಠ ನಿಜವಾಗಿಯೂ ಕಿತ್ತುಬಂತು. ಬೆಂಚಿನ ಅಡಿಯಲ್ಲಿ ಕೈಯಾಡಿಸಿದರೆ ಬೆರಳಿಗೆಲ್ಲ ಸುಣ್ಣ ಅಂಟಿತು. ಕಂಬಕ್ಕೆ ಒರಗಿ ನಿಂತು ಬೆನ್ನಿನಿಂದಲೇ ಕಂಬ ತಡಕಿದ. ಅಷ್ಟರಲ್ಲಿ ಪಕ್ಕಕ್ಕೆ ಪಿರಿಯಾಪಟ್ಟಣದ ಬಸ್ಸು ಬಂದು ಕಂಡಕ್ಟರು ಬಾಗಿಲಲ್ಲಿ ನಿಂತು, "ಹತ್ತೀರೋ ಇಲ್ವೋ? ಆಗ್ಲಿಂದ ಕಾಯ್ತಾ ಇದೀರಿ" ಎಂದ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗಲ್ಲದೆ ಇನ್ನೇತಕ್ಕೆ ಕಾಯುತ್ತಿದ್ದೇನೆಂದು ಹೇಳುವುದು? ಉಮಾಶಂಕರ ಹತ್ತಿದ. ಪಿರಿಯಾಪಟ್ಟಣಕ್ಕೆ ಹೋಗಿ, ಇಳಿದು, ಅದೇ ಬಸ್ಸಿನಲ್ಲಿ ವಾಪಸ್ಸು ಬಂದ. ಮರುದಿನ ಅದೇ ರೀತಿ ಕೆ.ಆರ್. ನಗರಕ್ಕೆ ಹೋಗಿ ಬಂದ. ಅಲ್ಲಿನ ಡಬ್ಬಿ ಹುಡುಕಬಹುದೆಂಬ ಯೋಚನೆಯೇ ಅವನಿಗೆ ಬರಲಿಲ್ಲ, ಏಕೆಂದರೆ ಅವನ ಮನಸ್ಸೆಲ್ಲ ಹುಣಸೂರಿನಲ್ಲಿತ್ತು.

ಬಸ್ ಸ್ಟ್ಯಾಂಡಿನ ಕಂಟ್ರೋಲರು ಗುರುಸ್ವಾಮಿ ಆಗತಾನೆ ಎಚ್.ಡಿ. ಕೋಟೆಯಿಂದ ವರ್ಗವಾಗಿ ಬಂದಿದ್ದ ಮನುಷ್ಯ. ಅವನು ತನ್ನ ಗಾಜಿನ ಕೋಣೆಯಿಂದ ಇದನ್ನೆಲ್ಲ ನೋಡುತ್ತಿದ್ದ. ಒಬ್ಬ ಆಸಾಮಿ ದಿನಾ ಬರುತ್ತಾನೆ. ಕಂಬ ಮುಟ್ಟಿ ನೋಡುತ್ತಾನೆ, ಬೆಂಚು ಮುಟ್ಟಿ ನೋಡುತ್ತಾನೆ, ಎಲೆಕಂತೆಯೊಳಗೆ ಒಂದು ಯಂತ್ರ ನೋಡುತ್ತಾನೆ. ಕೆಲಸವಿಲ್ಲದೆ ಬಸ್ಸು ಹತ್ತುತ್ತಾನೆ, ಅದರಲ್ಲೇ ವಾಪಸ್ಸು ಬರುತ್ತಾನೆ. ಗುರುಸ್ವಾಮಿಗೆ ಅನುಮಾನವೇ ಉಳಿಯಲಿಲ್ಲ. ಮೇಲಿನವರು ವೇಷ ಮರೆಸಿ ತನಿಖೆಗೆ ಆಫೀಸರನ್ನು ಕಳಿಸಿದ್ದಾರೆ. ಬಾಳೆಎಲೆ ಬರೀ ವೇಷ.

ಆ ವಾರ ಹುಣಸೂರಿನಿಂದ ಬಸ್ಸುಗಳು ವೇಳೆಗೆ ಸರಿಯಾಗಿ ಹೊರಟವು. ಜನ ಗಾಬರಿಯಾದರು. ಬಸ್ಸು ಹೇಗೂ ತಡವೆಂಬ ಧೈರ್ಯದಲ್ಲಿ ಕಾಫಿ ಕುಡಿಯುತ್ತ ನಿಂತವರೆಲ್ಲ ಊರಿಗೆ ಹೋಗಲಾರದೆ ಉಳಿದರು. ಒಂದು ಬೆಳಗ್ಗೆ ಗುರುಸ್ವಾಮಿ ಉಮಾಶಂಕರನ ಪಕ್ಕದಲ್ಲಿ ಬಂದು ನಿಂತು, ಬೇರೆ ಕಡೆ ನೋಡುತ್ತ, ತುಟಿ ಅಲ್ಲಾಡಿಸದೆ ಹೇಳಿದ.

"ನಾನು ಏನೂ ಕೇಳಲ್ಲ ಸಾರ್. ನೀವೂ ಏನೂ ಹೇಳ್ಬೇಡಿ. ನಲ್ಲಿ ನಾಳೆ ರಿಪೇರಿ ಆಯ್ತದೆ."

ಯಂತ್ರ ನಲ್ಲಿಯ ಕಡೆಗೇ ಬಾಣ ತೋರಿಸುತ್ತಿದ್ದ ಗಳಿಗೆ ಅದು. ಈ ಮನುಷ್ಯನಿಗೂ ಡಬ್ಬಿಯ ಗುಟ್ಟು ಗೊತ್ತಿದೆಯೆಂದುಕೊಂಡ ಉಮಾಶಂಕರ, "ರಿಪೇರಿ ಮಾಡೋವಾಗ ಒಳಗೇನಾದ್ರೂ ಸಿಕ್ರೆ ಮುಟ್ಬ್ಯಾಡಿ" ಎಂದ. ಗುರುಸ್ವಾಮಿ ಬೆವತು ಒಳಗೆ ಹೋದ.

ಸುಂದ್ರಮ್ಮನ ತನಿಖೆ ಬೇರೆ ದಾರಿಯಲ್ಲಿ ಸಾಗಿತ್ತು. ಮದುವೆ ಗೊತ್ತಾಗುವ ಹೊತ್ತಿನಲ್ಲಿ ಗಂಡಸೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಅಡಗಿಕೊಂಡು ಅಡಗಿಕೊಂಡು ಕಾಯುತ್ತಾನೆಂದರೆ ಯಾವಳೋ ಬಸ್ಸಿನಲ್ಲಿ ಬರುತ್ತಾಳೆ ಎಂದೇ ಅರ್ಥ. ಅವಳು ಇದನ್ನು ತನ್ನೊಳಗೇ ಇಟ್ಟುಕೊಂಡಳು. ಅಂದರೆ ಹೂ ಕೊಂಡ ಗುರುತಿನವರಿಗೆಲ್ಲ ಹೇಳಿ, "ಯಾರ್ಗೂ ಯೋಳ್ಬ್ಯಾಡಿ, ಪಾಪ, ಮದ್ವೆ ನಿಂತೋಗ್ತದೆ" ಎಂದಳು. ಸಂಜೆಯ ಹೊತ್ತಿಗೆ ಸುದ್ದಿ ಗಾವಡಗೆರೆ ಮುಟ್ಟಿತು.

ಮಲ್ಲಾಜಮ್ಮ ಮಗನನ್ನು ದೇವರ ಮುಂದೆ ನಿಲ್ಲಿಸಿದಳು. "ಯಾವಳ್ಲಾ ಅವ್ಳು?"

"ಯಾರೂ ಇಲ್ಲ ಕಣವ್ವ. ನಿನ್ನಾಣೆ."

"ಮತ್ತೆ ಅಲ್ಲೇನ್ಲಾ ಮಾಡ್ತೀಯ ಅಷ್ಟೊತ್ತು?"

"ಹುಡುಕ್ತಾ ಇವ್ನಿ."

"ಏನ?"

"ಅದು ಯೋಳಂಗಿಲ್ಲ."

"ಸಿಕ್ಕಿದ್ರೆ ಏನ್ ಬತ್ತದೆ?"

"ಏನೂ ಬರಾಕಿಲ್ಲ. ಅಲ್ಲೇ ಇಟ್ಟು ಬರೋದು."

ಮಲ್ಲಾಜಮ್ಮ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ. ದೃಷ್ಟಿ ಬಲವಾಗಿಯೇ ಆಗಿದೆಯೆಂದು ಅವಳಿಗೆ ಖಾತ್ರಿಯಾಯಿತು.

ಇಷ್ಟಾದ ಮೇಲೆ ಉಮಾಶಂಕರ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಪಿಯುಸಿ ಬಿಟ್ಟಿದ್ದ, ರೇಷ್ಮೆ ಬಿಟ್ಟಿದ್ದ, ಕೋಳಿ ಬಿಟ್ಟಿದ್ದ. ಇದೊಂದನ್ನಾದರೂ ಪೂರ್ತಿ ಮಾಡಬೇಕೆಂಬ ಹಟ ಅವನಿಗೆ ಬಂದುಬಿಟ್ಟಿತ್ತು.

ಒಂದು ಬೆಳಗ್ಗೆ ಅವನು ಬರುವ ಹೊತ್ತಿಗೆ ಕಲ್ಲುಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಬಿಳಿ ಪಂಚೆ, ಪ್ಲಾಸ್ಟಿಕ್ ವೈರಿನ ಚೀಲ, ತೊಡೆಯ ಮೇಲೆ ಎಲೆಅಡಿಕೆ ಸಂಚಿ. ಪಿರಿಯಾಪಟ್ಟಣದ ಬಸ್ಸು ಬಂತು, ಏಳಲಿಲ್ಲ. ಕೆ.ಆರ್. ನಗರದ ಬಸ್ಸು ಬಂತು, ಏಳಲಿಲ್ಲ. ಕೋಟೆ ಬಸ್ಸು ಬಂದು ಹೋಯಿತು, ಆಗಲೂ ಕೂತೇ ಇದ್ದರು. ಆಗಾಗ ಎದ್ದು ಚೆಲುವರಾಜುವಿನ ಅಂಗಡಿಗೆ ಹೋಗುವರು, ಸುಂದ್ರಮ್ಮನ ಹತ್ತಿರ ಒಂದು ಮೊಳ ಮಲ್ಲಿಗೆ ಕೊಳ್ಳುವರು, ಮತ್ತೆ ಬಂದು ಬೆಂಚಿನ ಮೇಲೆಯೇ ಕೂರುವರು.

ಉಮಾಶಂಕರ ದೂರದಿಂದಲೇ ಇದನ್ನೆಲ್ಲ ನೋಡಿದ. ಬಸ್ಸಿಗೆ ಕಾಯದೆ ಬಸ್ ಸ್ಟ್ಯಾಂಡಿನಲ್ಲಿ ಕೂರುವ ಮನುಷ್ಯ ಹುಣಸೂರಿನಲ್ಲಿ ತಾನೊಬ್ಬನೇ ಎಂದು ಅವನು ತಿಳಿದಿದ್ದ. ಇವರೂ ಡಬ್ಬಿ ಹುಡುಕಲು ಬಂದವರೇ. ಅದೂ ಡಬ್ಬಿಯ ಮೇಲೆಯೇ ಕೂತಿದ್ದಾರೆ.

ಅವನು ಹೋಗಿ ಪಕ್ಕದಲ್ಲಿ ಕೂತ. "ಯಾವ ಬಸ್ಸಿಗೆ ಯಜಮಾನ್ರೆ?"

"ಬರೋ ಬಸ್ಸಿಗೆ" ಎಂದರು ಹಿರಿಯರು. ಸಂಚಿ ಬಿಚ್ಚಿ ಎಲೆಯ ತೊಟ್ಟು ಮುರಿಯುತ್ತ, "ನಿಂದು ಯಾವೂರಪ್ಪ?" ಎಂದರು.

ಪ್ರತಿಸ್ಪರ್ಧಿಗೆ ಊರು ಹೆಸರು ಹೇಳುವುದು ಜಾಣತನವಲ್ಲ. ಬೇರೆ ಊರಿನ ಹೆಸರು ಹೇಳಬೇಕು. ಉಮಾಶಂಕರನ ತಲೆಯಲ್ಲಿ ಆ ದಿನಗಳಲ್ಲಿ ಬೇರೆ ಊರು ಎಂದರೆ ಒಂದೇ ಇತ್ತು.

"ಸರಗೂರು" ಎಂದ.

ಹಿರಿಯರು ಎಲೆ ಒರೆಸುತ್ತಿದ್ದ ಕೈ ನಿಲ್ಲಿಸಿದರು. "ಹೆಸರು?"

"ಚಿಕ್ಕಮಾದು."

"ಸರಗೂರಲ್ಲಿ ಎಲ್ಲಾಯ್ತು?"

"ಅದೇ, ಅಕ್ಕಿ ಮಿಲ್ ಬೀದಿ." ಹೆಣ್ಣು ನೋಡಲು ಹೋದಾಗ ಅವನು ನೋಡಿದ್ದ ಬೀದಿ ಅದೊಂದೇ.

"ಯಾವ ಮನೆ?"

"ಕೊನೆ ಮನೆ."

"ಕೊನೆ ಮನೆ ನಂದು" ಎಂದರು ಹಿರಿಯರು ಸಮಾಧಾನವಾಗಿ.

"ಅದರ ಪಕ್ಕದ್ದು."

"ಅದರ ಪಕ್ಕ ಹೊಳೆ ಐತೆ ಕಣಪ್ಪ."

ಉಮಾಶಂಕರ ಆ ಹೊಳೆಯಲ್ಲೇ ಮುಳುಗಿದ. ಹಿರಿಯರು ಅವನನ್ನು ಮೇಲಕ್ಕೆತ್ತುವ ಗೋಜಿಗೆ ಹೋಗಲಿಲ್ಲ.

"ಇರ್ಲಿ ಬುಡು. ನನ್ ಹೆಸರು ವೀರಭದ್ರಸ್ವಾಮಿ. ನಮ್ಮೂರೋನೇ ಸಿಕ್ಕಿದ್ದು ಒಳ್ಳೇದಾಯ್ತು. ಗಾವಡಗೆರೆ ಮಲ್ಲಾಜಮ್ಮನ ಮಗ ಉಮಾಶಂಕರ ಅಂತವ್ನಂತಲ್ಲ, ಇಲ್ಲಿಗೆ ಎಲೆ ಹಾಕ್ತಾನಂತೆ. ನಮ್ ತಂಗಿ ಮಗಳಿಗೆ ನೋಡವ್ರೆ. ಹುಡ್ಗ ಹೆಂಗೆ?"

ವಿಚಾರಿಸಲು ಬಂದ ಸೋದರಮಾವ ಇವರೇ ಎಂದು ಉಮಾಶಂಕರನಿಗೆ ಆಗ ಹೊಳೆಯಿತು. ಎದ್ದು ಓಡಿಹೋಗಬಹುದಿತ್ತು, ಆದರೆ ಇದೇ ಮುಖ ಹೊತ್ತುಕೊಂಡು ಮುಂದೆ ಹಸೆಮಣೆಯ ಮೇಲೆ ಕೂರಬೇಕು. ನಾನೇ ಅವನು ಎನ್ನಬಹುದಿತ್ತು, ಆದರೆ ಹೊಳೆಯಲ್ಲಿ ಮನೆ ಕಟ್ಟಿಕೊಂಡಿರುವ ಚಿಕ್ಕಮಾದುವನ್ನು ಏನು ಮಾಡುವುದು? ಬೇರೆ ದಾರಿ ಕಾಣದೆ ಅವನು ತಾಯಿಯ ಪಾಠವನ್ನೇ ಹಿಡಿದ.

"ಬೀಡಿ ಸೇದಲ್ಲ. ಬ್ರಾಂದಿ..."

"ಮುಟ್ಟಲ್ಲ" ಎಂದರು ವೀರಭದ್ರಸ್ವಾಮಿ. "ಹೊತ್ತು ಮುಳುಗೋಕ್ ಮುಂಚೆ ಮನೆ ಸೇರ್ತಾನೆ. ಟೀ ಅಂಗ್ಡಿಯೋನೂ ಅದೇ ಅಂದ, ಹೂವಿನೋಳೂ ಅದೇ ಅಂದ್ಲು. ಕೇಳೋಕ್ ಮುಂಚೇನೇ ಅಂದ್ರು. ಇಡೀ ಊರು ಒಂದೇ ಮಾತು ಯೋಳ್ತದೆ ಅಂದ್ರೆ ಹುಡ್ಗನಲ್ಲಿ ಏನೋ ಐಬು ಐತೆ ಅಂತಲೇ ಲೆಕ್ಕ. ನೀನು ದೂರದೂರೋನು, ಹೊಳೆ ಕಡೆಯೋನು. ನೀನಾದ್ರೂ ಒಂದು ಕೆಟ್ಟದ್ದು ಯೋಳು. ಇಲ್ದಿದ್ರೆ ನಾನು ಈ ಸಂಬಂಧ ಬ್ಯಾಡ ಅಂತ ಯೋಳ್ಬುಡ್ತೀನಿ."

ತನ್ನ ಬಗ್ಗೆ ತಾನೇ ಕೆಟ್ಟದ್ದು ಹೇಳಿ ತನ್ನ ಮದುವೆ ಉಳಿಸಿಕೊಳ್ಳಬೇಕಾದ ಪ್ರಸಂಗ ಹುಣಸೂರು ತಾಲ್ಲೂಕಿನಲ್ಲಿ ಅದಕ್ಕೆ ಮೊದಲು ಯಾರಿಗೂ ಬಂದಿರಲಾರದು. ಉಮಾಶಂಕರ ಶುರುಮಾಡಿದ.

"ಒಂದ್ಸಲ ಬ್ಯಾರೆಯೋರ ಸೈಕಲ್ ಬೀಗ ಒಡ್ದಿದ್ದ."

"ಕಳ್ಳನಾ?"

"ಅಲ್ಲ. ತನ್ದೇ ಅಂತ ತಿಳ್ಕಂಡಿದ್ದ. ಆಮೇಲೆ ಗೊತ್ತಾಗಿ ಹೊಸ ಬೀಗ ತಂದು ಹಾಕ್ಕೊಟ್ಟ. ಬೀಗದ ಕೈ ಮಾತ್ರ ಕೊಡೋದು ಮರ್ತ."

ವೀರಭದ್ರಸ್ವಾಮಿ ಎಲೆಗೆ ಸುಣ್ಣ ಹಚ್ಚುತ್ತ, "ಮತ್ತೆ?" ಎಂದರು.

"ರೇಷ್ಮೆ ಮಾಡ್ದ, ಕೈ ಹತ್ನಿಲ್ಲ. ಕೋಳಿ ಸಾಕ್ದ, ಅವ್ಕೆ ಹೆಸರಿಟ್ಟು ಕರೀತಿದ್ದ, ಆಮೇಲೆ ಮಾರಾಕೆ ಮನಸ್ಸು ಬರ್ನಿಲ್ಲ." ಹೇಳುತ್ತ ಹೇಳುತ್ತ ಉಮಾಶಂಕರನಿಗೆ ಆ ಹುಡುಗನ ಮೇಲೆ ನಿಜವಾಗಿಯೇ ಮರುಕ ಹುಟ್ಟಿತು. "ಈ ನಡುವೆ ಇಲ್ಲೇ ಬಸ್ ಸ್ಟ್ಯಾಂಡಲ್ಲಿ ಏನೋ ಹುಡುಕ್ತಾ ಅವ್ನೆ. ಸಿಕ್ಕಿದ್ರೂ ಏನೂ ಬರಾಕಿಲ್ಲ. ಜನ ನಗ್ತಾವ್ರೆ. ಅವ್ರವ್ವ ಅಳ್ತಾಳೆ. ಆದ್ರೂ ಬುಟ್ಟಿಲ್ಲ."

ವೀರಭದ್ರಸ್ವಾಮಿ ಎಲೆ ಬಾಯಿಗಿಟ್ಟು, ಬೆರಳಿನ ತುದಿಯಲ್ಲಿ ಉಳಿದ ಸುಣ್ಣವನ್ನು ಬೆಂಚಿನ ಅಡಿಗೆ ಒರೆಸಿದರು. ಎಲೆಅಡಿಕೆ ಹಾಕುವ ಯಾರೇ ಆ ಬೆಂಚಿನಲ್ಲಿ ಕೂತರೂ ಮಾಡುವ ಕೆಲಸವೇ ಅದು. ಬಟ್ಟೆಗೆ ಒರೆಸಿದರೆ ಮನೆಯಲ್ಲಿ ಬೈಗುಳ, ಬೆಂಚಿನ ಮೇಲೆ ಒರೆಸಿದರೆ ಕೂರುವವರ ಬೈಗುಳ, ಅಡಿಗೆ ಒರೆಸಿದರೆ ಕೇಳುವವರಿಲ್ಲ. ಬೆಂಚಿಗೆ ಆನಿಕೆ ಕೊಟ್ಟಿದ್ದ ಕಬ್ಬಿಣದ ಪಟ್ಟಿಯ ಮೇಲೆ ಹೀಗೆ ವರ್ಷಗಟ್ಟಲೆಯ ಸುಣ್ಣ ಹೆಪ್ಪುಗಟ್ಟಿ ಕೂತಿತ್ತು. ವೀರಭದ್ರಸ್ವಾಮಿಯ ಬೆರಳು ತಗಲಿದ್ದೇ ಅದರಲ್ಲೊಂದು ಉಂಡೆ ಅಲ್ಲಾಡಿ ಟಕ್ಕೆಂದು ಕೆಳಗೆ ಬಿತ್ತು.

"ಥೂ, ಯಾವ ಕಾಲದ ಸುಣ್ಣವೋ" ಎಂದು ಅವರು ಚಪ್ಪಲಿಯಿಂದ ತಳ್ಳಿದರು. ಸುಣ್ಣ ಒಡೆದು ಒಳಗಿನಿಂದ ಕರಿಯ ಪ್ಲಾಸ್ಟಿಕ್ ಡಬ್ಬಿ ಕಂಡಿತು. ಹಿಂಭಾಗದಲ್ಲಿ ಅಯಸ್ಕಾಂತ. ಉಮಾಶಂಕರ ದಿನಾ ಮುಟ್ಟಿ, ಸುಣ್ಣವೆಂದು ಕೈ ಕೊಡವಿಕೊಂಡು ಹೋಗುತ್ತಿದ್ದ ಉಂಡೆಯೇ ಅದು.

ಅವನಿಗೆ ಸರಗೂರೂ ಮರೆತುಹೋಯಿತು, ಚಿಕ್ಕಮಾದುವೂ ಮರೆತುಹೋದ. ಮಂಡಿಯೂರಿ ಕೂತು ಡಬ್ಬಿ ಎತ್ತಿಕೊಂಡು ಮುಚ್ಚಳ ಬಿಚ್ಚಿದ. ಒಳಗೆ ಸುರುಳಿ ಸುತ್ತಿದ ಚೀಟಿ, ಅದರಲ್ಲಿ ಯಾವ್ಯಾವುದೋ ದೇಶದವರ ಹೆಸರುಗಳು. ಜೇಬಿನಿಂದ ಪೆನ್ನು ತೆಗೆದು, ನಾಲಿಗೆ ತುದಿ ಕಚ್ಚಿಕೊಂಡು, ದಪ್ಪ ಅಕ್ಷರದಲ್ಲಿ ಬರೆದ: ಉಮಾಶಂಕರ, ಗಾವಡಗೆರೆ.

ಅವನ ಹೆಗಲ ಮೇಲಿಂದ ಬಗ್ಗಿ ವೀರಭದ್ರಸ್ವಾಮಿ ಓದಿದರು. "ಚಿಕ್ಕಮಾದು ಅಂದೆ. ಬರ್ದಿರೋದು ಬ್ಯಾರೆ ಐತಲ್ಲ."

ಅಷ್ಟರಲ್ಲಿ ಬೆಂಚಿನ ಸುತ್ತ ಜನ ಸೇರಿದ್ದರು. ಗುರುಸ್ವಾಮಿ ಕೈಮುಗಿದು, "ರಿಪೋರ್ಟ್ ಬರೆದ್ರಾ ಸಾರ್? ನಲ್ಲಿ ನೋಡಿದ್ರಾ?" ಎಂದ. ಚೆಲುವರಾಜು, "ಇವ್ನೇ ಸಾರ್ ಆ ಹುಡ್ಗ, ಬೀಡಿ ಸೇದಲ್ಲ" ಎಂದ. ಸುಂದ್ರಮ್ಮ ಚೀಟಿ ನೋಡಿದವಳೇ, "ಅಯ್ಯೋ, ಓಲೆ ಬರ್ದಿಟ್ಟೋಗವ್ಳೆ" ಎಂದು ಹೂವಿನ ಬುಟ್ಟಿಯ ಮೇಲೆಯೇ ಕೂತುಬಿಟ್ಟಳು.

ವೀರಭದ್ರಸ್ವಾಮಿ ಯಾರ ಕಡೆಯೂ ನೋಡಲಿಲ್ಲ. "ಈಗೇನ್ ಮಾಡ್ತೀಯ ಅದ್ನ?" ಎಂದು ಉಮಾಶಂಕರನನ್ನು ಕೇಳಿದರು.

"ಇದ್ದಲ್ಲೇ ಇಡ್ಬೇಕು." ಮದುವೆ ಮುರಿಯಿತೆಂದು ಉಮಾಶಂಕರನಿಗೆ ಖಾತ್ರಿಯಾಗಿತ್ತು. ಆದರೂ ಅವನು ಡಬ್ಬಿ ಮುಚ್ಚಿ, ಬೆಂಚಿನಡಿಯ ಕಬ್ಬಿಣಕ್ಕೆ ಅಂಟಿಸಿ, ತಲೆ ತಗ್ಗಿಸಿಕೊಂಡೇ, "ಒಂಚೂರು ಸುಣ್ಣ ಕೊಡ್ತೀರಾ ಯಜಮಾನ್ರೆ? ಮೊದ್ಲು ಹೆಂಗಿತ್ತೋ ಅಂಗೇ ಇರ್ಬೇಕು" ಎಂದ.

ಅವರು ಸುಣ್ಣದ ಡಬ್ಬಿ ಮುಂದೆ ಚಾಚಿದರು. ಅವನು ಬಳಿದು ಮುಗಿಸುವ ತನಕ ನಿಂತು ನೋಡಿ, ಸಂಚಿ ಕಟ್ಟಿಕೊಂಡು, ಬಂದು ನಿಂತಿದ್ದ ಕೋಟೆ ಬಸ್ಸು ಹತ್ತಿ ಕೂತರು. ಬಸ್ಸು ವೇಳೆಗೆ ಸರಿಯಾಗಿ ಹೊರಟಿತು.

ಉಮಾಶಂಕರ ಊರು ಸೇರುವ ಮೊದಲೇ ಸುದ್ದಿ ಸೇರಿತ್ತು. ಮಲ್ಲಾಜಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು, ಅವಳು ಬೈಯಲಿಲ್ಲ. ಸರಗೂರಿನಿಂದ ಹೂಂ ಎಂದೂ ಬರಲಿಲ್ಲ, ಊಹೂಂ ಎಂದೂ ಬರಲಿಲ್ಲ. ಮನೆಗೆ ಬಂದವರೆಲ್ಲ, ಆ ಹುಡುಗಿ ಕಪ್ಪಂತೆ, ಆ ಊರಿನ ನೀರು ಸರಿಯಿಲ್ಲವಂತೆ ಎಂದು ಸಮಾಧಾನ ಹೇಳಿಹೋದರು. ಉಮಾಶಂಕರನಿಗೆ ಯಾವ ಸಮಾಧಾನವೂ ಹತ್ತಲಿಲ್ಲ. ಲೋಕದ ಆಟ ಗೆದ್ದಿದ್ದ, ಅದರಿಂದ ಅವನಿಗೆ ಒಂದು ಎಳ್ಳಿನಷ್ಟೂ ಸಂತೋಷವಾಗಲಿಲ್ಲ. ಸೆರಗಿನೊಳಗೆ ನಕ್ಕ ಆ ಮುಖ ತೋಟದಲ್ಲೂ ಹಟ್ಟಿಯಲ್ಲೂ ಕಣ್ಣ ಮುಂದೆ ಬಂದು ಅವನಿಗೆ ಅಳು ಬರುತ್ತಿತ್ತು. ಯಂತ್ರವನ್ನು ಒಗೆಯುವ ಬಟ್ಟೆಯ ಗಂಟಿನೊಳಗೆ ತುರುಕಿ ಇಟ್ಟುಬಿಟ್ಟ.

ವಾರ ಕಳೆದು ಒಂದು ಮಧ್ಯಾಹ್ನ ವೀರಭದ್ರಸ್ವಾಮಿ ಅದೇ ವೈರಿನ ಚೀಲ ಹಿಡಿದು ಬಂದು ಜಗುಲಿಯ ಮೇಲೆ ಕೂತರು. ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಇದ್ದವು. ಮಲ್ಲಾಜಮ್ಮ ಅದನ್ನು ನೋಡಿಯೂ ನಂಬದೆ ಬಾಗಿಲ ಹಿಂದೆ ನಿಂತಳು, ಉಮಾಶಂಕರ ಕಂಬದ ಮರೆಗೆ ಸರಿದ.

"ನಾನು ಬಾಳ ಕಡೆ ವಿಚಾರ್ಸಿದ್ದೀನಿ ಕಣಮ್ಮ" ಎಂದು ಅವರು ಶುರುಮಾಡಿದರು. "ಗಂಡಿನ ಊರಲ್ಲಿ ಕೆಟ್ಟದ್ದು ಯೋಳೋರು ನಾಕು ಜನ ಇದ್ದೇ ಇರ್ತಾರೆ. ನಿನ್ ಮಗನ ಮ್ಯಾಲೆ ಕೆಟ್ಟದ್ದು ಯೋಳಿದೋನು ಒಬ್ಬನೇ, ಇವ್ನೇ. ಅದ್ರಾಗೂ ಒಂದು ಸುಳ್ಳು ಯೋಳೋಕೋಗಿ ಹೊಳೇಲಿ ಮನೆ ಕಟ್ಟಿದ. ಇವ್ನು ನಮ್ ಹುಡ್ಗಿಗೆ ಏನಾದ್ರೂ ಮುಚ್ಚಿಡ್ತಾನೆ ಅಂತ ನಂಗೆ ಭಯ ಇಲ್ಲ."

"ಅಂದ್ರೆ?" ಎಂದಳು ಮಲ್ಲಾಜಮ್ಮ.

"ಅಂದ್ರೆ ಇನ್ನೇನು. ಮದ್ವೆ ಮುರ್ದೋಯ್ತದೆ ಅಂತ ಗೊತ್ತಿದ್ರೂ ಕೈಗೆ ಸಿಕ್ಕಿದ್ದನ್ನ ಇದ್ದಲ್ಲೇ ಇಟ್ಟ. ಅದ್ಕೆ ಸುಣ್ಣಾನೂ ಬಳ್ದ. ಸಾಮಾನು ತಗೊಂಡ ಜಾಗದಲ್ಲೇ ತಿರ್ಗಾ ಇಡೋ ಗಂಡಸನ್ನ ಈ ವಯಸ್ಸಿಗೆ ನಾನು ಮೊದಲ್ನೇ ಸಲ ನೋಡಿದ್ದು. ನಮ್ ಮನೆ ಹೆಂಗಸ್ರಿಗೆ ಯೋಳ್ದೆ, ಎಲ್ಲಾರೂ ಒಪ್ಪಿದ್ರು."

ಮಲ್ಲಾಜಮ್ಮ ಬಾಗಿಲ ಹಿಂದಿನಿಂದ ಬಂದು ಕಣ್ಣೊರೆಸಿಕೊಂಡು, ಅಭ್ಯಾಸ ಬಲದಿಂದ, "ಬೀಡಿ ಸೇದಲ್ಲ ಕಣಣ್ಣ" ಎಂದಳು.

ಒಪ್ಪಿಗೆಯ ಶಾಸ್ತ್ರಕ್ಕೆ ಸರಗೂರಿಗೆ ಹೋದಾಗ ಮೀನಾ ಕಾಫಿ ಲೋಟ ಕೊಡುವ ನೆಪದಲ್ಲಿ ಬಗ್ಗಿ, "ಇನ್ನೆಲ್ಲಾದ್ರೂ ಐತಾ?" ಎಂದಳು.

ಏನೆಂದು ಕೇಳುವಷ್ಟು ಮಂಕು ಉಮಾಶಂಕರ ಆ ದಿನ ಆಗಿರಲಿಲ್ಲ. "ಕೆ.ಆರ್. ನಗರದಲ್ಲಿ ಒಂದು ಐತೆ" ಎಂದ.

"ಮದ್ವೆ ಆಗ್ಲಿ. ಇಬ್ರೂ ಹೋಗಾವ. ನೀವು ನಿಂತ್ಕಳಿ, ನಾನು ಹುಡುಕ್ತೀನಿ. ನಿಮ್ಗೆ ಅಡಗಿಸ್ಕಳಾಕೆ ಬರಾಕಿಲ್ಲ."

ಹಾಗೆಯೇ ಆಯಿತು. ಮದುವೆಯ ಅರಿಶಿನ ಇನ್ನೂ ಮಾಸದ ಒಂದು ದಿನ ಇಬ್ಬರೂ ಕೆ.ಆರ್. ನಗರದ ಸ್ಟೇಷನ್ನಿನ ಮುಂದೆ ಇಳಿದರು. ಯಂತ್ರ ಅಲ್ಲಿನ ನೀರಿನ ತೊಟ್ಟಿಯ ಕಡೆ ಬಾಣ ತೋರಿಸಿತು. ಉಮಾಶಂಕರ ಹೆಂಡತಿ ಹೇಳಿದಂತೆ ತೊಟ್ಟಿಯಿಂದ ದೂರ ನಿಂತು, ತಾನು ಏನನ್ನೂ ಹುಡುಕುತ್ತಿಲ್ಲವೆಂದು ತೋರಿಸಿಕೊಳ್ಳತೊಡಗಿದ. ಆಕಾಶ ನೋಡಿದ, ಕಂಬ ನೋಡಿದ, ತನ್ನ ಚಪ್ಪಲಿ ತಾನೇ ನೋಡಿ ನಕ್ಕ. ಜಟಕಾದವನೊಬ್ಬ ಬಂದು ಏನು ಕಳೆದುಹೋಯಿತೆಂದು ಕೇಳಿದ. ಕಡಲೆಕಾಯಿಯವಳು ಬಂದಳು. ರೈಲಿಗೆ ಬಂದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಒಬ್ಬ ಪೊಲೀಸಿನವನು ಜನರನ್ನು ಸರಿಸಿಕೊಂಡು ಒಳಗೆ ಬಂದು ಯಾವೂರೆಂದು ಕೇಳಿದ. ಉಮಾಶಂಕರ ಬೆವರು ಒರೆಸಿಕೊಂಡು, ಈ ಸಲ ಸರಿಯಾಗಿ, ಗಾವಡಗೆರೆ ಎಂದ.

ಮೀನಾ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು, ಸೆರಗಿಗೆ ಕೈ ಒರೆಸುತ್ತ ಬಂದು, "ಆಯ್ತು, ನಡೀರಿ" ಎಂದಳು. ಗುಂಪಿನಲ್ಲಿದ್ದವರೆಲ್ಲ ಉಮಾಶಂಕರನನ್ನೇ ನೋಡುತ್ತಿದ್ದರು. ಅವಳನ್ನು ಯಾರೂ ನೋಡಿರಲಿಲ್ಲ.